ಕಡಲೆಕಾಯಿ ಒಗ್ಗದ ಮಗು

ಇಬ್ಬರು ಮಕ್ಕಳಿಗೂ ಒಂದೇ ಕಡಲೆಕಾಯಿ ಚಟ್ನಿ ಬಡಿಸಿದ್ದೀರಿ. ದೊಡ್ಡವನು ‘ಇನ್ನೂ ಹಾಕಮ್ಮಾ’ ಅಂತಾನೆ. ಚಿಕ್ಕವಳಿಗೋ ತುಟಿ ಊದಿ, ಮೈತುಂಬ ಗಂಧೆ ಎದ್ದು, ಉಸಿರಿಗೇ ಕಷ್ಟ! ಚಟ್ನಿಯಲ್ಲಿ ದೋಷವಿಲ್ಲ. ಅವಳ ಮೈಯಲ್ಲಿ ಐಜಿಇ ಎಂಬ ಪ್ರತಿಕಾಯಗಳು ಕಡಲೆಕಾಯಿಯನ್ನು ಶತ್ರುವೆಂದು ಗುರುತಿಟ್ಟುಕೊಂಡು, ಚರ್ಮ, ಕರುಳು, ಶ್ವಾಸನಾಳಗಳ ಮಾಸ್ಟ್ ಕೋಶಗಳ ಮೇಲೆ ಕಾದು ಕುಳಿತಿರುತ್ತವೆ. ಕಡಲೆಕಾಯಿ ತಾಗಿದ್ದೇ ತಡ, ಆ ಕೋಶಗಳು ಹಿಸ್ಟಮಿನ್ ಮುಂತಾದುವನ್ನು ಸುರಿದುಬಿಡುತ್ತವೆ.

‘ಸ್ವಲ್ಪ ಸ್ವಲ್ಪ ತಿನ್ನಿಸು, ಒಗ್ಗಿಹೋಗುತ್ತೆ’ ಎಂದು ಮನೆಯ ಹಿರಿಯರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯವಿದೆ, ಅಪಾಯವೂ ಇದೆ. 1908ರಲ್ಲಿ ಇಂಗ್ಲೆಂಡಿನ ಡಾ. ಸ್ಕೋಫೀಲ್ಡ್ ಮೊಟ್ಟೆ ಒಗ್ಗದ 13 ವರ್ಷದ ಹುಡುಗನಿಗೆ ಮೊಟ್ಟೆಯ ಹತ್ತುಸಾವಿರದಲ್ಲೊಂದು ಪಾಲಿನಿಂದ ಶುರುಮಾಡಿ, ಗುಳಿಗೆಯಲ್ಲಿ ಹೆಚ್ಚಿಸುತ್ತಾ ಹೋದರು. ಕೊನೆಗೆ ಅವನು ಮೊಟ್ಟೆ ತಿಂದ! ಇಂದಿನ ‘ಓರಲ್ ಇಮ್ಯುನೋಥೆರಪಿ’ಯ ತಿರುಳೂ ಅದೇ. ಅಳತೆ ಮಾತ್ರ ಮಿಲಿಗ್ರಾಂ ಲೆಕ್ಕ. ಹೆಚ್ಚಿಸುವುದು ವೈದ್ಯರ ಕಣ್ಣೆದುರಿಗೇ.

ಒಳಗೆ ಏನಾಗುತ್ತದೆ ನೋಡಿ. ವಿಚಿತ್ರವೆಂದರೆ, ಮೊದಮೊದಲು ಐಜಿಇ ಇಳಿಯುವ ಬದಲು ಏರುತ್ತದೆ. ದಿನಾ ಕೊಡುತ್ತಾ ಹೋದಂತೆ ಮಾಸ್ಟ್ ಕೋಶಗಳ ರೇಗಾಟ ತಗ್ಗುತ್ತದೆ. ಐಜಿಜಿ4 ಎಂಬ ಬೇರೊಂದು ಪ್ರತಿಕಾಯ ಹೆಚ್ಚಿ, ಕಡಲೆಕಾಯಿಯ ಪ್ರೋಟೀನು ಐಜಿಇಗೆ ಸಿಗುವ ಮೊದಲೇ ಅದನ್ನು ಹಿಡಿದುಕೊಳ್ಳುತ್ತದೆ. ಅಲರ್ಜಿಗೆ ಕುಮ್ಮಕ್ಕು ಕೊಡುವ ಟಿ ಕೋಶಗಳ ಗದ್ದಲವೂ ಅಡಗುತ್ತಾ ಬರುತ್ತದೆ. ಐಜಿಇ ಇಳಿಯುವುದು ಆಮೇಲೆ, ಬಲು ನಿಧಾನವಾಗಿ.

ಹಾಗಾದರೆ ಹಳೆಯ ಹಗೆ ಮರೆತೇ ಹೋಯಿತೆ? ಅಮೆರಿಕದ ‘ಇಂಪ್ಯಾಕ್ಟ್’ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷ ತುಂಬದ 146 ಮಕ್ಕಳು ಅದರಲ್ಲಿದ್ದರು. ಸುಮಾರು ಎರಡೂವರೆ ವರ್ಷ ಕಡಲೆಕಾಯಿ ಪುಡಿಯ ಚಿಕಿತ್ಸೆ ಪಡೆದವರಲ್ಲಿ ಶೇ. 71ರಷ್ಟು ಮಕ್ಕಳು 5 ಗ್ರಾಂ ಪ್ರೋಟೀನನ್ನು ತಾಳಿಕೊಂಡರು. ಆಮೇಲೆ 26 ವಾರ ಕಡಲೆಕಾಯಿ ಪೂರ್ತಿ ಬಿಡಿಸಿ ನೋಡಿದಾಗ ಆ ತಾಳಿಕೆ ಉಳಿದಿದ್ದುದು ಶೇ. 21ರಲ್ಲಿ ಮಾತ್ರ! ಹಾಗೆ ಉಳಿಸಿಕೊಳ್ಳುವ ಸಂಭವ ತೀರ ಎಳೆಯರಿಗೆ, ಮೊದಲೇ ಐಜಿಇ ಕಡಿಮೆಯಿದ್ದವರಿಗೆ ಹೆಚ್ಚು. ಉಳಿದವರ ಮೈ ಹಗೆಯನ್ನು ಅದುಮಿಟ್ಟುಕೊಂಡಿತ್ತು, ಬಿಟ್ಟಿರಲಿಲ್ಲ.

ಚಿಕಿತ್ಸೆಯೂ ಸುಲಭದ್ದಲ್ಲ. ಬಾಯಿ ತುರಿಕೆ, ಹೊಟ್ಟೆನೋವು, ವಾಂತಿ ಸಾಮಾನ್ಯ. ಇದೇ ಅಧ್ಯಯನದಲ್ಲಿ 21 ಮಕ್ಕಳಿಗೆ ಅಡ್ರಿನಲಿನ್ ಚುಚ್ಚಬೇಕಾಯಿತು. ಆದ್ದರಿಂದ ಅಡುಗೆಮನೆಯ ಚಮಚ ಹಿಡಿದು ನೀವೇ ಶುರುಮಾಡಬೇಡಿ. ವೈದ್ಯರು ಶುರುಮಾಡಿದ್ದರೂ ಬರಿಹೊಟ್ಟೆಯಲ್ಲಿ ಕೊಡಬೇಡಿ, ಕೊಟ್ಟ ಮೇಲೆ ಓಡಾಡಿ ಕುಣಿಯಲು ಬಿಡಬೇಡಿ. ಜ್ವರ ಬಂದ ದಿನ ಅವರನ್ನು ಕೇಳಿಯೇ ಕೊಡಿ. ಒಗ್ಗಿಸಿಕೊಂಡಿದ್ದ ಮೈ ಅಂಥ ದಿನ ಇದ್ದಕ್ಕಿದ್ದಂತೆ ತಿರುಗಿಬೀಳುವುದುಂಟು.