ಒಬ್ಬರ ಆಟ, ಮೂವರ ತಲೆ

2019ರ ಮೇ ತಿಂಗಳ ಕೊನೆಯಲ್ಲಿ ಹೊರಬಂದ ‘ಔಟರ್ ವೈಲ್ಡ್ಸ್’ ಎಂಬ ವಿಡಿಯೋ ಗೇಮ್‌ನಲ್ಲಿ ಬಂದೂಕಿಲ್ಲ, ಅಂಕಗಳಿಲ್ಲ, ಒಂದೊಂದೇ ಮೆಟ್ಟಿಲು ಹತ್ತಿ ಬಲ ಹೆಚ್ಚಿಸಿಕೊಳ್ಳುವ ಏರ್ಪಾಟೂ ಇಲ್ಲ. ಅಲೆಕ್ಸ್ ಬೀಚಮ್ ಎಂಬಾತ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆಂದು ಕೈಗೆತ್ತಿಕೊಂಡಿದ್ದ ಈ ಕೆಲಸ, ಮೊಬಿಯಸ್ ಡಿಜಿಟಲ್ ಎಂಬ ಸಣ್ಣ ಸಂಸ್ಥೆಯಲ್ಲಿ ವರ್ಷಗಟ್ಟಲೆ ಬೆಳೆದು, 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಆಟ ಎನಿಸಿಕೊಂಡಿತು. ಆಟಗಾರನದು ನಾಲ್ಕು ಕಣ್ಣಿನ ಹೊಸ ಗಗನಯಾತ್ರಿಯ ಪಾತ್ರ. ಮರದ ಹಲಗೆಗಳನ್ನು ಬಡಿದು ಕೂಡಿಸಿದಂತಿರುವ ನೌಕೆಯೇರಿ ಪುಟ್ಟದೊಂದು ಸೌರಮಂಡಲವನ್ನು ಸುತ್ತಲು ಹೊರಟರೆ, 22 ನಿಮಿಷಕ್ಕೆ ಸೂರ್ಯ ಸೂಪರ್‌ನೋವಾ ಆಗಿ ಸಿಡಿದು ಎಲ್ಲವನ್ನೂ ನುಂಗುತ್ತದೆ. ಮರುಕ್ಷಣ ಅದೇ ಊರು, ಅದೇ ಒಲೆಬೆಂಕಿ, ಅದೇ ಬೆಳಗು. ಹಿಂದಿನ ಸುತ್ತಿನಿಂದ ಜೊತೆಗೆ ಬರುವುದು ಒಂದೇ: ತಿಳಿದುಕೊಂಡದ್ದು. ಇಷ್ಟು ಹೇಳಿದ್ದರಿಂದ ಯಾರ ಆಟವೂ ಕೆಡುವುದಿಲ್ಲ, ಆರಂಭದಲ್ಲೇ ಎಲ್ಲರಿಗೂ ಗೊತ್ತಾಗುವ ಸಂಗತಿ ಇದು. ಇದಕ್ಕಿಂತ ಹೆಚ್ಚು ಹೇಳದಿರಲು ಕಾರಣವಿದೆ, ಅದು ಮುಂದೆ ಬರುತ್ತದೆ.

ಈ ಆಟವನ್ನು ರೂಪಿಸಿರುವುದು ಒಬ್ಬರಿಗಾಗಿ. ಕಂಟ್ರೋಲರ್ ಒಂದು, ಗಗನಯಾತ್ರಿ ಒಬ್ಬ. ಆದರೂ ಅಣ್ಣ-ತಂಗಿ, ಗಂಡ-ಹೆಂಡತಿ, ಹಾಸ್ಟೆಲ್ಲಿನ ಗೆಳೆಯರು ಒಂದೇ ಪರದೆಯ ಮುಂದೆ ಕೂತು ಒಗಟು ಬಿಡಿಸುವ ಪದ್ಧತಿ ಇಂಥ ಆಟಗಳಷ್ಟೇ ಹಳೆಯದು. 1993ರಲ್ಲಿ ಬಂದ ‘ಮಿಸ್ಟ್’ ಆಟದ ಪೆಟ್ಟಿಗೆಯಲ್ಲಿ ಟಿಪ್ಪಣಿ ಬರೆದುಕೊಳ್ಳಲೆಂದೇ ಖಾಲಿ ಪುಸ್ತಕವೊಂದನ್ನು ಇಟ್ಟಿರುತ್ತಿದ್ದರು. ಒಬ್ಬರು ಮೌಸ್ ಹಿಡಿದರೆ ಪಕ್ಕದಲ್ಲಿದ್ದವರು ಪೆನ್ನು ಹಿಡಿಯುತ್ತಿದ್ದರೆಂದು ಊಹಿಸಲು ಕಷ್ಟವಿಲ್ಲ. ಹೀಗೆ ಜೊತೆಗೂಡಿ ಆಡುವುದನ್ನು ಬರಿಯ ಹೊತ್ತು ಕಳೆಯುವ ಸಡಗರವೆಂದು ತಳ್ಳಿಹಾಕುವುದು ರೂಢಿ. ಮನಶ್ಶಾಸ್ತ್ರದ ಪ್ರಯೋಗಗಳು ಬೇರೆಯೇ ಮಾತು ಹೇಳುತ್ತವೆ. ತಿಳಿವಳಿಕೆಯೊಂದೇ ಕೀಲಿಕೈ ಆಗಿರುವ ಆಟವನ್ನು ಮೂವರು ಸೇರಿ ಆಡಿದರೆ, ಆ ಮೂವರಲ್ಲಿ ಅತಿ ಜಾಣರಾದವರು ಒಂಟಿಯಾಗಿ ಆಡಿದ್ದಕ್ಕಿಂತಲೂ ಚೆನ್ನಾಗಿ ಬಿಡಿಸಬಹುದು. ಇದಕ್ಕೆ ಒಂದೆರಡು ಷರತ್ತುಗಳಿವೆ, ಮತ್ತು ಅವು ಸಣ್ಣ ಷರತ್ತುಗಳಲ್ಲ.

ಮೊದಲು ಒಂದು ಹಳೆಯ ಪರೀಕ್ಷೆ. 1966ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ರೂಪಿಸಿದ್ದು. ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ ಎಂದುಕೊಳ್ಳಿ: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಅಂಕಿ. ‘ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರಲೇಬೇಕು’ ಎಂಬ ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡುಗಳನ್ನು ಮಗುಚಬೇಕು? ಹೆಚ್ಚಿನವರು ಅ ಮತ್ತು 4 ಎನ್ನುತ್ತಾರೆ. ಸರಿಯುತ್ತರ ಅ ಮತ್ತು 7. ನಾಲ್ಕರ ಹಿಂದೆ ಏನೇ ಇದ್ದರೂ ನಿಯಮ ಮುರಿಯುವುದಿಲ್ಲ. ಏಳರ ಹಿಂದೆ ಸ್ವರವೊಂದು ಸಿಕ್ಕಿತೋ, ನಿಯಮ ಅಲ್ಲಿಗೇ ಬಿತ್ತು. ನಾವು ನಂಬಿದ್ದನ್ನು ಸಾಬೀತುಪಡಿಸುವ ಸಾಕ್ಷಿಯ ಕಡೆಗೇ ಕಣ್ಣು ಹೋಗುತ್ತದೆ, ಅದನ್ನು ಕೆಡವಬಲ್ಲ ಸಾಕ್ಷಿಯ ಕಡೆಗಲ್ಲ. ಡೇವಿಡ್ ಮೋಶ್ಮನ್ ಮತ್ತು ಮಾಲಿ ಗೈಲ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬೊಬ್ಬರೇ ಕೂತು ಉತ್ತರಿಸಿದ ಕಾಲೇಜು ವಿದ್ಯಾರ್ಥಿಗಳ ಪೈಕಿ ಶೇ. 9 ಮಂದಿ ಮಾತ್ರ ಸರಿಯಾಗಿ ಹೇಳಿದ್ದರು. ಐದಾರು ಜನರ ಗುಂಪುಗಳಾಗಿ ಕೂತು ಚರ್ಚಿಸಿದಾಗ ಶೇ. 75 ಗುಂಪುಗಳು ಸರಿಯುತ್ತರ ತಲುಪಿದವು. ಅಲ್ಲಿ ನಡೆದದ್ದು ಕೈಯೆತ್ತಿ ಬಹುಮತ ಎಣಿಸುವ ಕೆಲಸವಾಗಿದ್ದರೆ, ಗೆಲ್ಲಬೇಕಾದದ್ದು ಅ ಮತ್ತು 4 ಎಂಬ ಜನಪ್ರಿಯ ತಪ್ಪೇ. ಗೆದ್ದದ್ದು ವಾದ. ನನ್ನ ಊಹೆಯಲ್ಲಿ ನನಗೆ ಕಾಣದ ತೂತು ಪಕ್ಕದವರಿಗೆ ಕೂಡಲೇ ಕಾಣುತ್ತದೆ, ಏಕೆಂದರೆ ಆ ಊಹೆಯ ಮೇಲೆ ಅವರಿಗೆ ಮಮತೆಯಿಲ್ಲ.

ಔಟರ್ ವೈಲ್ಡ್ಸ್ ಆಡುವವರು ಅಡಿಗಡಿಗೂ ಎಡವುವುದು ಇಂಥ ಮಮತೆಯಿಂದಲೇ. ಬ್ರಿಟಲ್ ಹಾಲೋ ಎಂಬ ಗ್ರಹದ ಒಡಲಲ್ಲಿ ಕಪ್ಪುಕುಳಿಯಿದೆ, ಮೇಲಿನ ನೆಲ ಹೆಂಚಿನಂತೆ ಚೂರುಚೂರಾಗಿ ಅದರೊಳಗೆ ಬೀಳುತ್ತಿರುತ್ತದೆ. ಒಂದನ್ನೊಂದು ಸುತ್ತುವ ಜೋಡಿ ಗ್ರಹಗಳಲ್ಲಿ ಒಂದರ ಮರಳು ಕಂಬದಂತೆ ಸುರಿದು ಇನ್ನೊಂದರ ಗುಹೆಗಳನ್ನು ತುಂಬುತ್ತದೆ, ಮರಳು ಗಡಿಯಾರವನ್ನೇ ಆಕಾಶಕ್ಕೆ ತೂಗುಹಾಕಿದ ಹಾಗೆ. ಎಲ್ಲಿಗೆ ಹೋಗಬೇಕೆಂಬುದರಷ್ಟೇ ಯಾವ ನಿಮಿಷದಲ್ಲಿ ಹೋಗಬೇಕೆಂಬುದೂ ಮುಖ್ಯ; ಇವುಗಳ ಬಗ್ಗೆ ಒಮ್ಮೆ ಮಾಡಿಕೊಂಡ ಊಹೆಯನ್ನು ಬಿಡಲಾಗದೆಯೇ ಎಡವುವುದು. ಇವೆಲ್ಲ ಮೊದಲೇ ಚಿತ್ರೀಕರಿಸಿದ ದೃಶ್ಯಗಳಲ್ಲ. ಗುರುತ್ವದ ಲೆಕ್ಕದ ಪ್ರಕಾರ ಗ್ರಹಗಳು ನಿಜವಾಗಿಯೂ ಚಲಿಸುತ್ತಿರುತ್ತವೆ. ಇಲ್ಲಿ ಒಂದು ತಮಾಷೆಯಿದೆ. ಗ್ರಾಫಿಕ್ಸ್ ಎಂಜಿನ್‌ಗಳು ಸ್ಥಾನಗಳನ್ನು ಸುಮಾರು ಏಳು ಅಂಕಿಗಳ ನಿಖರತೆಯಲ್ಲಷ್ಟೇ ಬರೆದಿಟ್ಟುಕೊಳ್ಳುವುದರಿಂದ, ಮೂಲಬಿಂದುವಿನಿಂದ ದೂರ ಹೋದಷ್ಟೂ ವಸ್ತುಗಳು ನಡುಗತೊಡಗುತ್ತವೆ. ಅದಕ್ಕೆ ಇದನ್ನು ಕಟ್ಟಿದವರು ಆಟಗಾರನನ್ನು ನಡುವಿನಲ್ಲಿ ನಿಲ್ಲಿಸಿ ಉಳಿದ ಬ್ರಹ್ಮಾಂಡವನ್ನೆಲ್ಲ ಅವನ ಸುತ್ತ ಓಡಿಸಿದ್ದಾರೆ. ದೋಣಿಯಲ್ಲಿ ಕೂತವನಿಗೆ ದಡವೇ ಹಿಂದಕ್ಕೆ ಸರಿದಂತೆ ಕಾಣುತ್ತದೆ ಎಂದು ಆರ್ಯಭಟ ಕೊಟ್ಟ ಹೋಲಿಕೆ ಈ ಗಣಕದ ಒಳಗೆ ಅಕ್ಷರಶಃ ನಿಜ: ಇಲ್ಲಿ ಸರಿಯುವುದು ದಡವೇ.

ವಿಷಯಕ್ಕೆ ಮರಳೋಣ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಲಾಫ್ಲಿನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ಚರ್ಚೆಯ ಕೇಂದ್ರ. ಹತ್ತು ಅಕ್ಷರಗಳು 0ಯಿಂದ 9ರವರೆಗಿನ ಹತ್ತು ಅಂಕಿಗಳನ್ನು ಗುಟ್ಟಾಗಿ ಪ್ರತಿನಿಧಿಸುತ್ತವೆ. ಆಡುವವರು ಕೆಲವು ಅಕ್ಷರಗಳನ್ನು ಕೂಡಿಸಿ ಕೇಳಬಹುದು, ಉತ್ತರ ಮತ್ತೆ ಅಕ್ಷರದಲ್ಲೇ ಬರುತ್ತದೆ. ಅದರಿಂದ ಒಂದು ಊಹೆ ಮಾಡಿ, ಪರೀಕ್ಷಿಸಿ, ತಪ್ಪಿದರೆ ಇನ್ನೊಂದು ಊಹೆಗೆ ಹೋಗಬೇಕು. ಒಂಟಿಯಾಗಿ ಕೂತವರನ್ನೂ, ಇಬ್ಬರಿಂದ ಐವರವರೆಗಿನ ಗುಂಪುಗಳನ್ನೂ ಹೋಲಿಸಿದರು. ಹೋಲಿಕೆ ಸುಲಭದ್ದಲ್ಲ: ಮೂವರ ಗುಂಪನ್ನು ಒಂಟಿಯಾಗಿ ಆಡಿದ ಮೂವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವರ ಜೊತೆ ತೂಗಿ ನೋಡಿದರು. ಇಬ್ಬರ ಜೋಡಿಗಳು ಇಬ್ಬರಲ್ಲಿ ಉತ್ತಮರಾದವರನ್ನು ಸರಿಗಟ್ಟಿದವೇ ಹೊರತು ಮೀರಲಿಲ್ಲ. ಮೂವರ ಗುಂಪುಗಳು ಮೀರಿದವು. ನಾಲ್ವರು, ಐವರು ಆದಾಗ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಸೋಫಾದಲ್ಲಿ ಮೂರು ಜನರಿಗೇ ಜಾಗವಿರುವುದು ಕಾಕತಾಳೀಯ ಇರಬಹುದು, ಅನುಕೂಲವಂತೂ ಹೌದು.

ಲಾಫ್ಲಿನ್ ತಮ್ಮ ಜೀವಮಾನದ ಸಂಶೋಧನೆಯಲ್ಲಿ ಒತ್ತಿ ಹೇಳಿದ ಒಂದು ಭೇದವನ್ನು ಇಲ್ಲಿ ಮರೆಯಬಾರದು. ಉತ್ತರ ಸರಿಯೆಂದು ತೋರಿಸಿಕೊಡಬಹುದಾದ ಸಮಸ್ಯೆಗಳಿರುತ್ತವೆ. ಅಲ್ಲಿ ಒಬ್ಬರಿಗೆ ಹೊಳೆದರೂ ಸಾಕು, ಉಳಿದವರು ಒಪ್ಪದೆ ಗತಿಯಿಲ್ಲ. ಅಭಿರುಚಿಯ ಅಥವಾ ಸರಿ-ತಪ್ಪಿನ ತೀರ್ಮಾನದ ಸಮಸ್ಯೆಗಳೂ ಇರುತ್ತವೆ; ಅಲ್ಲಿ ಗೆಲ್ಲುವುದು ಬಹುಮತ ಅಥವಾ ಗಟ್ಟಿ ಗಂಟಲು. ಕಥೆ ಹೇಳುವ ಎಲ್ಲ ಆಟಗಳಿಗೂ ನನ್ನ ವಾದ ಒಪ್ಪುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಯಾರನ್ನು ಉಳಿಸಬೇಕು, ಯಾರಿಗೆ ದ್ರೋಹ ಬಗೆಯಬೇಕು ಎಂದು ಆಟಗಾರನನ್ನೇ ಕೇಳುವ ಆಟಗಳಲ್ಲಿ ಮೂವರು ಸೇರಿದರೆ ಸಿಗುವುದು ಯಾರದೂ ಅಲ್ಲದ ಸಪ್ಪೆ ರಾಜಿ. ಔಟರ್ ವೈಲ್ಡ್ಸ್‌ನಲ್ಲಿ ಹಾಗಲ್ಲ, ಗ್ರಹವೇ ಉತ್ತರ ಹೇಳುತ್ತದೆ. ಗ್ರಹವೊಂದರ ಸುಂಟರಗಾಳಿ ನೌಕೆಯನ್ನು ಮೇಲಕ್ಕೆಸೆಯುತ್ತದೋ ಕೆಳಕ್ಕೆಳೆಯುತ್ತದೋ ಎಂಬ ಜಗಳವನ್ನು ಎರಡು ನಿಮಿಷದಲ್ಲಿ ಅದರೊಳಗೆ ನುಗ್ಗಿಯೇ ತೀರಿಸಬಹುದು. ತಪ್ಪಾದರೆ ಆಗುವ ನಷ್ಟ ಅಬ್ಬಬ್ಬಾ ಎಂದರೆ 22 ನಿಮಿಷ. ನಿಜವಾದ ಪ್ರಯೋಗಾಲಯಗಳಿಗೂ ಇಷ್ಟು ಅಗ್ಗದ ಸೋಲು ಸಿಗುವುದಿಲ್ಲ.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆಯಲ್ಲ, ಅದನ್ನು ಪುಷ್ಟೀಕರಿಸುವ ಸಂಶೋಧನೆಗೂ ಕೊರತೆಯಿಲ್ಲ. ಒಟ್ಟಿಗೆ ಕೂತು ನೆನಪಿಸಿಕೊಳ್ಳುವ ಗುಂಪು, ಅಷ್ಟೇ ಜನ ಬೇರೆಬೇರೆಯಾಗಿ ನೆನಪಿಸಿಕೊಂಡು ಪಟ್ಟಿಗಳನ್ನು ಸೇರಿಸಿದ್ದಕ್ಕಿಂತ ಕಡಿಮೆ ನೆನಪಿಸಿಕೊಳ್ಳುತ್ತದೆಂದು 1997ರಲ್ಲಿ ಮೇರಿ ಸೂಸನ್ ವೆಲ್ಡನ್ ಮತ್ತು ಕ್ರಿಸ್ಟಲ್ ಬೆಲಿಂಜರ್ ತೋರಿಸಿದರು. ಒಬ್ಬರು ಬಾಯಿಬಿಟ್ಟಾಗ ಇನ್ನೊಬ್ಬರ ಯೋಚನೆಯ ಎಳೆ ತುಂಡಾಗುವುದು ಇದಕ್ಕೆ ಒಂದು ಕಾರಣ. ಮೈಕೆಲ್ ಡೀಲ್ ಮತ್ತು ವುಲ್ಫ್‌ಗ್ಯಾಂಗ್ ಸ್ಟ್ರೋಬೆ 1987ರಲ್ಲಿ ಗುಂಪಾಗಿ ಕೂತು ಹೊಸ ವಿಚಾರಗಳನ್ನು ಹುಡುಕುವುದನ್ನು ಪರೀಕ್ಷಿಸಿ, ಸರದಿಗಾಗಿ ಕಾಯುವುದೇ ವಿಚಾರಗಳನ್ನು ಕೊಲ್ಲುತ್ತದೆಂದು ಕಂಡರು. ಇವೆರಡಕ್ಕಿಂತ ಕೆಟ್ಟದ್ದು 1985ರಲ್ಲಿ ಗ್ಯಾರೊಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಬಯಲಿಗೆಳೆದ ಚಾಳಿ: ಗುಂಪಿನವರು ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆಮತ್ತೆ ಮಾತಾಡುತ್ತಾರೆ, ಒಬ್ಬರಿಗಷ್ಟೇ ಗೊತ್ತಿರುವ ನಿರ್ಣಾಯಕ ಸಂಗತಿ ಚರ್ಚೆಗೆ ಬರದೆ ಉಳಿಯುತ್ತದೆ.

ಈ ಮೂರೂ ಆಕ್ಷೇಪಗಳು ನಿಜ, ಆದರೆ ಈ ಆಟದ ಕಟ್ಟಡವೇ ಅವುಗಳ ಹಲ್ಲು ಕೀಳುತ್ತದೆ. ಕಂಡದ್ದನ್ನೆಲ್ಲ ನೌಕೆಯ ದಾಖಲೆ ತಾನೇ ಬರೆದಿಟ್ಟುಕೊಂಡು, ಯಾವ ಸುಳಿವು ಯಾವುದಕ್ಕೆ ಹೊಂದುತ್ತದೆಂದು ಗೆರೆ ಎಳೆದು ತೋರಿಸುತ್ತದೆ. ‘ಇಲ್ಲಿ ನೋಡುವುದು ಇನ್ನೂ ಬಾಕಿ’ ಎಂದು ಗುರುತನ್ನೂ ಹಾಕುತ್ತದೆ. ನೆನಪಿಡುವ ಹೊರೆ ಗುಂಪಿನ ತಲೆಯಿಂದ ಪರದೆಗೆ ದಾಟಿತು. ಒಂದೇ ಪರದೆ ನೋಡುವವರಿಗೆ ಸಾಕ್ಷಿಯೂ ಒಂದೇ, ಆದ್ದರಿಂದ ಒಬ್ಬರಲ್ಲಿ ಮಾತ್ರ ಅಡಗಿರುವ ಮಾಹಿತಿಯ ಕಾಟ ಕಡಿಮೆ, ಅಡಗಿರುವುದೇನಿದ್ದರೂ ಊಹೆಗಳು. ಇನ್ನು ಸರದಿಯ ಸಮಸ್ಯೆ. 22 ನಿಮಿಷಕ್ಕೊಮ್ಮೆ ಸೂರ್ಯನೇ ಗಂಟೆ ಬಾರಿಸುತ್ತಾನಲ್ಲ, ಆ ಬಿಡುವಿನಲ್ಲಿ ಯಾರೂ ಮಾತಾಡುವ ಮುನ್ನ ಮೂವರೂ ತಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಜಗಳಕ್ಕಿಳಿದರೆ ಎಳೆ ತುಂಡಾಗುವುದಿಲ್ಲ. ಕಂಟ್ರೋಲರ್ ಕೂಡ ಸುತ್ತಿಗೊಬ್ಬರಂತೆ ಕೈ ಬದಲಾಯಿಸಬೇಕು. ಸೋಫಾದ ಮೇಲೆ ಕೂತವರಿಗೆ ಎಲ್ಲ ಚೆಂಡೂ ಸಿಕ್ಸರ್‌ಗೆ ಹೇಳಿಮಾಡಿಸಿದಂತೆ ಕಾಣುವುದು ಕ್ರಿಕೆಟ್ಟಿನಲ್ಲಿ ಮಾತ್ರವಲ್ಲ; ಬ್ರಿಟಲ್ ಹಾಲೋದ ಅಂಚಿನಲ್ಲಿ ತಾವೇ ಒಮ್ಮೆ ಜಾರಿಬಿದ್ದವರು ಸಲಹೆ ಕೊಡುವಾಗ ಸ್ವಲ್ಪ ತಗ್ಗುತ್ತಾರೆ.

ಹಾಗಾದರೆ ಆಟವನ್ನು ಈಗಾಗಲೇ ಮುಗಿಸಿದವರು ಜೊತೆಗೆ ಕೂತರೆ? ಇಲ್ಲಿ ನನ್ನ ಷರತ್ತು ಕಠಿಣ: ಅವರು ಬಾಯಿ ಮುಚ್ಚಿಕೊಂಡಿರಬೇಕು. ಇದಕ್ಕೆ ವಿರುದ್ಧವಾಗಿ 2011ರ ಒಂದು ಪ್ರಸಿದ್ಧ ಅಧ್ಯಯನವನ್ನು ಎತ್ತಿ ತೋರಿಸುವವರಿದ್ದಾರೆ. ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ 12 ಸಣ್ಣಕಥೆಗಳನ್ನು ಓದಿಸಿ, ಅಂತ್ಯ ಮೊದಲೇ ಗೊತ್ತಿದ್ದವರು ಕಥೆಯನ್ನು ಹೆಚ್ಚೇ ಮೆಚ್ಚಿದರೆಂದು ವರದಿ ಮಾಡಿದ್ದರು. ಅವುಗಳಲ್ಲಿ ಪತ್ತೇದಾರಿ ಕಥೆಗಳೂ ಇದ್ದವು. ನಂತರದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ತದ್ವಿರುದ್ಧ ಫಲಿತಾಂಶ ಬಂದದ್ದು ಒಂದು ಕಡೆಗಿರಲಿ. ಕೊಲೆಗಾರ ಯಾರೆಂದು ಗೊತ್ತಿದ್ದರೂ ಕಾದಂಬರಿಯ ಪುಟಗಳು ಹಾಗೇ ಇರುತ್ತವೆ, ಓದುವ ಕೆಲಸ ಉಳಿದಿರುತ್ತದೆ. ಔಟರ್ ವೈಲ್ಡ್ಸ್‌ನಲ್ಲಿ ತಿಳಿಯುವುದೇ ಕೆಲಸ. ಎಲ್ಲ ತಿಳಿದವರು ಹೊಸದಾಗಿ ಶುರುಮಾಡಿ ಒಂದೇ ಸುತ್ತಿನಲ್ಲಿ, ಅಂದರೆ ಆ 22 ನಿಮಿಷದೊಳಗೆ, ಕೊನೆ ಮುಟ್ಟಬಹುದು. ಹತ್ತಿಪ್ಪತ್ತು ಗಂಟೆಗಳ ಆಟವನ್ನು ಒಂದು ವಾಕ್ಯದಲ್ಲಿ ಕಸಿದುಕೊಳ್ಳಬಹುದು ಎಂದಾಯಿತು. ಜೊತೆಗೆ ಇನ್ನೊಂದು ಗಟ್ಟಿ ಸಾಕ್ಷ್ಯವಿದೆ: ಕೇಳಿ ಪಡೆದ ಉತ್ತರಕ್ಕಿಂತ ತಾನೇ ಹುಟ್ಟಿಸಿಕೊಂಡ ಉತ್ತರ ಚೆನ್ನಾಗಿ ನೆನಪುಳಿಯುತ್ತದೆಂದು 1978ರಲ್ಲಿ ನಾರ್ಮನ್ ಸ್ಲಾಮೆಕ ಮತ್ತು ಪೀಟರ್ ಗ್ರಾಫ್ ತೋರಿಸಿದ್ದರು. ಸುಳಿವಿನ ಮೇಲೆ ಸುಳಿವು ಹೆಣೆಯುವ ಆಟದಲ್ಲಿ ನೆನಪಿಗೆ ಅಂಟದ ಉತ್ತರದಿಂದ ಮುಂದಿನ ಒಗಟಿಗೆ ಏನೂ ಪ್ರಯೋಜನವಿಲ್ಲ.

ಕೊನೆಯ ಆಕ್ಷೇಪ ಲೆಕ್ಕಾಚಾರದ್ದಲ್ಲ, ಭಾವದ್ದು. ಅನಂತ ಕತ್ತಲಲ್ಲಿ ತೇಲುವ ಒಂಟಿ ಯಾತ್ರಿಕನ ಕಥೆ ಇದು, ಪಕ್ಕದಲ್ಲಿ ಚಿಪ್ಸ್ ಜಗಿಯುವ ಸದ್ದು ಕೇಳುತ್ತಿದ್ದರೆ ಆ ಒಂಟಿತನ ಎಲ್ಲಿಂದ ಬರಬೇಕು? ಇದರಲ್ಲಿ ಸತ್ಯವಿದೆ. ಆದರೆ ಆ ಯಾತ್ರಿಕ ಓದುತ್ತಾ ಹೋಗುವುದೇನನ್ನು? ನೊಮಾಯ್ ಎಂಬ ಗತಿಸಿದ ಜನಾಂಗ ಗೋಡೆಗಳ ಮೇಲೆ ಬಿಟ್ಟುಹೋದ ಬರಹವನ್ನು. ಅದು ಸಾಲಿನಲ್ಲಿಲ್ಲ, ಸುರುಳಿಯಲ್ಲಿದೆ. ಒಬ್ಬರು ಒಂದು ಸುರುಳಿ ಬರೆದರೆ ಇನ್ನೊಬ್ಬರ ಉತ್ತರ ಅದರಿಂದಲೇ ಬಳ್ಳಿಯ ಕುಡಿಯಂತೆ ಕವಲೊಡೆಯುತ್ತದೆ, ಮೂರನೆಯವರ ಆಕ್ಷೇಪ ಇನ್ನೊಂದು ಕಡೆಯಿಂದ. ಆಟದ ಸಾಕ್ಷ್ಯದ ಬಹುಪಾಲು ವಿಜ್ಞಾನಿಗಳ ಗುಂಪೊಂದು ತಮ್ಮತಮ್ಮಲ್ಲೇ ನಡೆಸಿದ ವಾದ-ವಿವಾದ. ಒಬ್ಬರೇ ಆಡುವವರೂ ಯೋಚಿಸುವುದು ಈ ಗುಂಪಿನ ಜೊತೆಗೇ.

ಆದರೂ ಬಿಡಿಸಲು ಏನೂ ಉಳಿದಿಲ್ಲದ ಆಟದ ಕಡೆಯ ಘಟ್ಟಕ್ಕೆ ನನ್ನ ವಾದ ಅನ್ವಯಿಸದು. ಅಲ್ಲಿ ಮೂರು ತಲೆಗಳಿಗೆ ಕೆಲಸವಿಲ್ಲ. ಉಳಿದಿಬ್ಬರು ಎದ್ದುಹೋಗಬೇಕೇ? ಯೇಲ್ ವಿಶ್ವವಿದ್ಯಾಲಯದ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2014ರಲ್ಲಿ ಚಾಕೊಲೇಟ್ ಕೊಟ್ಟು ಪರೀಕ್ಷಿಸಿದ್ದು ಹೆಚ್ಚುಕಡಿಮೆ ಇದನ್ನೇ. ಪಕ್ಕದಲ್ಲಿರುವವರೂ ಅದನ್ನೇ ತಿನ್ನುತ್ತಿದ್ದಾರೆಂದು ಗೊತ್ತಿದ್ದಾಗ, ಒಂದು ಮಾತೂ ಆಡದಿದ್ದರೂ, ರುಚಿಯಾದದ್ದು ಇನ್ನೂ ರುಚಿಯೆನಿಸಿತು. ಕಹಿಯಾದದ್ದು ಇನ್ನಷ್ಟು ಕಹಿಯಾಯಿತು. ಆ ಹೊತ್ತಿಗೆ ಚಿಪ್ಸ್ ಪೊಟ್ಟಣ ಬದಿಗಿಟ್ಟು ಸುಮ್ಮನಾದರೆ ಸಾಕು, ಎದ್ದುಹೋಗಬೇಕಿಲ್ಲ.