ಎರೆಭೂಮಿಯ ಮೇಲೊಂದು ಹೆದ್ದಾರಿ: ಲಿಂಗಸುಗೂರು–ಮಸ್ಕಿ–ಸಿಂಧನೂರು

ರಾಯಚೂರು ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳನ್ನು ಪೋಣಿಸುವ ಈ ದಾರಿ ಐವತ್ತು ಕಿ.ಮೀ.ಗಿಂತ ತುಸು ಹೆಚ್ಚು. ಊರ ಹಿರಿಯರ ಬಾಯಲ್ಲಿ ಇದು ಇನ್ನೂ ಬೀದರ್–ಶ್ರೀರಂಗಪಟ್ಟಣ ರಸ್ತೆ. ಈಗಿನ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 150ಎ, ಅಂದ್ರೆ ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ಒಂದು ತುಂಡು. ಲಿಂಗಸುಗೂರಿನ ಕಡೆ ಹಟ್ಟಿ ಚಿನ್ನದ ಗಣಿ, ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ನಡುವೆ ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಅಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಇತಿಹಾಸ ಓದಿದವರಿಗೆ ಇದು ಗೊತ್ತಿರುವ ವಿಷಯ. ನಾವಿಲ್ಲಿ ನೋಡಹೊರಟಿದ್ದು ರಸ್ತೆಯ ಅಡಿಯಲ್ಲಿರುವ ಮಣ್ಣನ್ನು, ಮೇಲೆ ಓಡುವ ಭಾರವನ್ನು.

ಉಸಿರಾಡುವ ಮಣ್ಣು

ಈ ಭಾಗದ ರಸ್ತೆಗಳು ಯಾಕೆ ಅಲೆ ಅಲೆಯಾಗಿ ಏಳುತ್ತವೆ, ಅಂಚು ಯಾಕೆ ಉದ್ದಕ್ಕೆ ಸೀಳುತ್ತದೆ? ಬಸ್ಸಿನಲ್ಲಿ ಕೇಳಿದರೆ 'ದುಡ್ಡು ತಿಂದಾರ್ರೀ' ಅನ್ನೋ ಉತ್ತರ ರೆಡಿ. ಆದರೆ ಪ್ರಾಮಾಣಿಕವಾಗಿ ಕಟ್ಟಿದ ರಸ್ತೆಯನ್ನೂ ಎರೆಮಣ್ಣು ಸುಮ್ಮನೆ ಬಿಡುವುದಿಲ್ಲ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದರ ತೆಳು ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಡಾಂಬರಿನ ನಟ್ಟನಡುವೆ, ಅಡಿಯಲ್ಲಿ, ತೇವ ಹೆಚ್ಚೂಕಡಿಮೆ ಒಂದೇ ಸಮ ಇರುತ್ತದೆ. ಅಂಚಿನಲ್ಲಿ ಹಾಗಲ್ಲ. ಗದ್ದೆಗೆ ನೀರು ಬಿಟ್ಟಾಗ ಅಂಚು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಡು ಅಲ್ಲೇ, ಅಂಚು ಮಾತ್ರ ಏಳುಬೀಳು. ಹಾಗಾದರೆ ಸೀಳು ಉದ್ದಕ್ಕೇ ಬರಬೇಕಲ್ವಾ? ಬಿರುಕಿನೊಳಗೆ ಮಳೆ ನೀರು ಇಳಿದ ಮೇಲೆ ಹಾಳಾಗುವುದು ಇನ್ನೂ ಬೇಗ.

ಇದನ್ನು ಲ್ಯಾಬಿನಲ್ಲೇ ನೋಡಬಹುದು. 425 ಮೈಕ್ರಾನ್ ಜರಡಿ ದಾಟಿದ 10 ಗ್ರಾಂ ಒಣ ಮಣ್ಣನ್ನು ಒಂದು ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಅಷ್ಟೇ ಮಣ್ಣನ್ನು ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಆ ವ್ಯತ್ಯಾಸ ಶೇ. 50 ದಾಟಿದರೆ ರಸ್ತೆಯ ತಳಕ್ಕೆ ಆ ಮಣ್ಣು ಬೇಡ ಎನ್ನುತ್ತದೆ ಕೇಂದ್ರ ರಸ್ತೆ ಸಚಿವಾಲಯದ ನಿಯಮ. ಇನ್ನು ನಾಲ್ಕು ದಿನ ನೆನೆಸಿ ಮಾಡುವ ಸಿಬಿಆರ್ ಪರೀಕ್ಷೆಯಲ್ಲಿ ಎರೆಮಣ್ಣು ಸಾಮಾನ್ಯವಾಗಿ ಶೇ. 2–3ರ ಆಸುಪಾಸು ನಿಲ್ಲುತ್ತದೆ. ಭಾರೀ ವಾಹನಗಳ ರಸ್ತೆಗೆ ಕನಿಷ್ಠ 5 ಬೇಕು.

ಮದ್ದು ಇದೆ. ಮೇಲಿನ ಎರೆಮಣ್ಣು ತೆಗೆದು ಗಟ್ಟಿ ಮೊರಂ ತುಂಬುವುದು ಒಂದು. ಅದೇ ಮಣ್ಣಿಗೆ ಸುಣ್ಣ ಬೆರೆಸುವುದು ಇನ್ನೊಂದು: ಸುಣ್ಣದ ಕ್ಯಾಲ್ಸಿಯಂ ಪದರಗಳ ನಡುವೆ ಸೇರಿ ನೀರಿನ ಆಸೆ ಕಡಿಮೆ ಮಾಡುತ್ತದೆ, ದಿನ ಕಳೆದಂತೆ ಮಣ್ಣು ಗಟ್ಟಿಯೂ ಆಗುತ್ತದೆ. ಆದರೆ ಬದಿಯ ಚರಂಡಿ ಇಲ್ಲದಿದ್ದರೆ ಎರಡೂ ದಂಡ. ಗದ್ದೆಯ ಬದು ಡಾಂಬರಿನ ತನಕ ಬಂದ ಕಡೆ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ.

ಸುಗ್ಗಿಯ ಭಾರ

ರಸ್ತೆಗೆ ಆಗುವ ಪೆಟ್ಟು ಅಚ್ಚಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು ಏರುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸ್‌ನ ಹೊಲಗಳ ನಡುವೆ ರಸ್ತೆ ಕಟ್ಟಿ, ಲಾರಿ ಓಡಿಸಿ ಕಂಡುಕೊಂಡ ಲೆಕ್ಕ ಇದು. ನಮ್ಮಲ್ಲಿ 2018ರಲ್ಲಿ ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿ 10.2 ಟನ್‌ನಿಂದ 11.5 ಟನ್ ಆಯಿತು. ಭಾರ ಏರಿದ್ದು ಶೇ. 13ರಷ್ಟು, ಪೆಟ್ಟು ಏರಿದ್ದು ಶೇ. 60ರಷ್ಟು! ಅದಕ್ಕೂ ಮೇಲೆ ಹೇರಿದರೆ ಲೆಕ್ಕ ನೀವೇ ಹಾಕಿ. ಕೆಸರುಗದ್ದೆಯ ಕಬ್ಬಿಣದ ಕೇಜ್‌ವೀಲ್ ಹಾಕಿಕೊಂಡೇ ಟ್ರ್ಯಾಕ್ಟರ್ ರಸ್ತೆಗೆ ಬಂದರಂತೂ ಡಾಂಬರಿನ ಮೇಲೆ ನೇಗಿಲು ಹೊಡೆದಂತೆ.

ಹೊಟ್ಟೆ ಚುರುಕ್ ಅನ್ನುವ ಲೆಕ್ಕ ಇನ್ನೊಂದಿದೆ. ದ್ವಿಪಥ ರಸ್ತೆ ಅಂದ್ರೆ ಏಳು ಮೀಟರ್ ಅಗಲ, ನಡುವೆ ಡಿವೈಡರ್ ಇಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮುಂದಿನ ವಾಹನ ದಾಟಲು 470 ಮೀಟರ್ ದಾರಿ ಕಾಣಬೇಕು, ಬ್ರೇಕ್ ಹಾಕಿ ನಿಲ್ಲಲು 120 ಮೀಟರ್ ಬೇಕು. ಕಣ್ಣು ಕಂಡು ಕಾಲು ಬ್ರೇಕ್ ಒತ್ತುವ ಎರಡೂವರೆ ಸೆಕೆಂಡಿನಲ್ಲೇ 55 ಮೀಟರ್ ಹೋಗಿರುತ್ತೇವೆ. ಸುಗ್ಗಿಯ ರಾತ್ರಿ, ಹಿಂದೆ ದೀಪವಿಲ್ಲದ ಭತ್ತದ ಟ್ರೇಲರ್ ಎದುರಿಗಿದ್ದರೆ? ಎದುರು ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೆ, ಟ್ರೇಲರ್ ಕಾಣುವ ಹೊತ್ತಿಗೆ ಆ 120 ಮೀಟರ್ ಉಳಿದಿರುವುದಿಲ್ಲ.

2024ರಲ್ಲಿ ಸಿಂಧನೂರಿಗೆ ರೈಲು ಬಂತು. ಆದರೂ ಗದ್ದೆಯಿಂದ ಗಿರಣಿಗೆ, ಹಳ್ಳಿಯಿಂದ ಆಸ್ಪತ್ರೆಗೆ, ಊರಿಂದ ಕಾಲೇಜಿಗೆ ಈ ರಸ್ತೆಯೇ ಗತಿ. ಚರಂಡಿ, ಸುಣ್ಣ, ಮೊರಂ ಮುಂದೆ ನಮ್ಮಲ್ಲಿ ಸಿವಿಲ್ ಓದಿದವರ ಕೈಗೆ ಬರುವ ಕೆಲಸ. ಟ್ರೇಲರಿನ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಲು ಮಾತ್ರ ಯಾವ ಬ್ರಾಂಚೂ ಬೇಡ, ಡಿಗ್ರಿಯೂ ಬೇಡ. ಸುಗ್ಗಿಯ ರಜೆಗೆ ಊರಿಗೆ ಹೊರಟವರು ಒಂದು ಸುರುಳಿ ಬ್ಯಾಗಿನಲ್ಲಿ ಹಾಕಿಕೊಳ್ಳಿ. ಮನೆಯ ಟ್ರೇಲರ್ ಮೊದಲು, ಆಮೇಲೆ ಓಣಿಯದು.