ಪಾಕಶಾಲೆಯಲ್ಲಿ ಬೆಳೆದ ಆತ್ಮ

ಪತ್ರಿಕೆಯ ಮೇಜಿಗೆ ಬರುವುದಕ್ಕೆ ಮೊದಲು ನಾವು ಬಹುಕಾಲ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು. ಮುಂಜಾನೆ ನಾಲ್ಕಕ್ಕೆ ಒಲೆ ಹೊತ್ತಿದಂದಿನಿಂದ ರಾತ್ರಿ ಕೊನೆಯ ಪಾತ್ರೆ ತೊಳೆದಾಗುವವರೆಗೆ ನಮಗೆ ದೇವರ ನೆನಪಾಗುತ್ತಿದ್ದುದು ಎರಡೇ ಸಲ: ಊದುಬತ್ತಿ ಹಚ್ಚುವಾಗ ಒಮ್ಮೆ, ಹಾಲು ಒಡೆದರೆ ಇನ್ನೊಮ್ಮೆ. ಆತ್ಮದ ವಿಚಾರವನ್ನು ಮುಪ್ಪಿನ ಕಾಲಕ್ಕೆಂದು ಕಟ್ಟಿಟ್ಟಿದ್ದೆವು. ಹೀಗಿರಲು ನಮ್ಮಲ್ಲಿಗೆ ನಿತ್ಯವೂ ಕಾಫಿಗೆ ಬರುತ್ತಿದ್ದ ಮಂಗಳೂರಿನ ಕಡೆಯ ಕ್ರೈಸ್ತ ಮಿತ್ರರೊಬ್ಬರು ಒಂದು ಸಣ್ಣ ಪುಸ್ತಕವನ್ನು ನಮ್ಮ ಮುಂದಿಟ್ಟು, "ಇದು ನಿಮ್ಮ ಕಸುಬಿನವನ ಕಥೆ, ಓದಿ ನೋಡಿ ಮಾರಾಯ್ರೆ" ಎಂದು ಹೇಳಿ ಹೋದರು.

ಆ ಕಸುಬಿನವನು ೧೭ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಮಠವೊಂದರಲ್ಲಿ ಅಡಿಗೆ ಮಾಡಿಕೊಂಡಿದ್ದ ಸಹೋದರ ಲಾರೆನ್ಸ್. ಪೂರ್ವಾಶ್ರಮದ ಹೆಸರು ನಿಕೊಲಾಸ್ ಹರ್ಮನ್. ಲೊರೇನ್ ಪ್ರಾಂತದ ಬಡಕುಟುಂಬದವನು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತ ಒಂದು ಮರವನ್ನು ಕಂಡು, ಇದು ಇನ್ನು ಕೆಲವು ದಿನಗಳಲ್ಲಿ ಚಿಗುರಿ ಹೂವು ಹಣ್ಣು ಬಿಡುವುದಲ್ಲವೆ ಎಂದುಕೊಂಡನಂತೆ. ಆ ಯೋಚನೆಯೊಡನೆ ದೇವರ ಶಕ್ತಿಯ ಅರಿವು ಅವನೊಳಗೆ ನೆಲೆಸಿತು. ಬಳಿಕ ಸೈನಿಕನಾಗಿ ಯುದ್ಧದಲ್ಲಿ ಗಾಯಗೊಂಡು ಕುಂಟನಾದ. ಶ್ರೀಮಂತರೊಬ್ಬರ ಮನೆಯ ಆಳಾಗಿ ಸೇರಿ, ಕೈಗೆ ಸಿಕ್ಕ ಸಾಮಾನನ್ನೆಲ್ಲ ಒಡೆದು ಹಾಕುವ ಒಡ್ಡನೆನಿಸಿಕೊಂಡ. ೧೬೪೦ರಲ್ಲಿ ಮಠವನ್ನು ಸೇರಿದಾಗ, ಇಲ್ಲಾದರೂ ತನ್ನ ಒಡ್ಡುತನಕ್ಕೆ ತಕ್ಕ ಶಿಕ್ಷೆಯಾಗಲಿ ಎಂದೇ ಅವನು ಬಯಸಿದ್ದನು. ಮಠದವರು ಅವನನ್ನು ಅಡಿಗೆಮನೆಗೆ ಹಾಕಿದರು. ಅಡಿಗೆಯೆಂದರೆ ಅವನಿಗೆ ಹುಟ್ಟಾ ಬೇಸರ!

ಈ ಕಥೆಯ ತೂಕ ತಿಳಿಯಬೇಕಾದರೆ ಕ್ರೈಸ್ತ ಮತದ ಒಂದು ನಂಬಿಕೆಯನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು. ಜನ್ಮ ಜನ್ಮಾಂತರಗಳ ಮಾತು ಅಲ್ಲಿಲ್ಲ. ಇರುವುದೊಂದೇ ಜನ್ಮ, ಅದರ ಆಚೆಗೆ ಮುಗಿಯದ ಕಾಲ. ಈ ಒಂದು ಬಾಳಿನಲ್ಲಿಯೇ ಆತ್ಮವು ದೇವರೊಡನೆ ಬಾಳುವುದಕ್ಕೆ ತಕ್ಕಂತೆ ಬೆಳೆಯತೊಡಗಬೇಕು. ಎರಡನೆಯ ಶತಮಾನದಲ್ಲಿ ಲಿಯೋನ್ ನಗರದ ಬಿಷಪರಾಗಿದ್ದ ಐರೇನಿಯಸರು ಇದನ್ನು ಅಡಿಗೆಮನೆಯವರಿಗೂ ತಿಳಿಯುವ ಹೋಲಿಕೆಯಿಂದ ವಿವರಿಸಿದ್ದಾರೆ. ತಾಯಿಯ ಬಳಿ ಗಟ್ಟಿ ಆಹಾರವಿದ್ದರೂ ಹಸುಗೂಸು ಅದನ್ನು ಅರಗಿಸಿಕೊಳ್ಳಲಾರದು. ಹಾಗೆಯೇ ದೇವರು ಮನುಷ್ಯನಿಗೆ ಮೊದಲೇ ಪೂರ್ಣತೆಯನ್ನು ಕೊಡಬಹುದಾಗಿದ್ದರೂ, ಕೂಸಿನಂತಿದ್ದ ಮನುಷ್ಯನಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲ. ಆದಕಾರಣ ಅವನು ಬೆಳೆಯಬೇಕಾಯಿತು.

ಬೆಳೆಯುವುದೆಲ್ಲಿ? ನಾವು ತಿಳಿದಿದ್ದುದು, ಏಕಾಂತದಲ್ಲಿ, ಕಣ್ಣು ಮುಚ್ಚಿ ಎಂದು. ಲಾರೆನ್ಸನು ಸುಮಾರು ಹದಿನೈದು ವರ್ಷ ಒಲೆಯ ಮುಂದೆ ನಿಂತನು. ಕೆಲಸಕ್ಕೆ ತೊಡಗುವಾಗ ಒಂದು ಚಿಕ್ಕ ಪ್ರಾರ್ಥನೆ. ಕೆಲಸದ ನಡುವೆ ಹತ್ತಿರದವರೊಡನೆ ಆಡುವಂತೆ ದೇವರೊಡನೆ ಎರಡು ಮಾತು. ಕೆಲಸ ಮುಗಿದ ಮೇಲೆ ಹೇಗೆ ಮಾಡಿದೆನೆಂಬ ವಿಚಾರಣೆ. ತಪ್ಪಾಗಿದ್ದರೆ ಕ್ಷಮೆ ಬೇಡಿ, ಅದನ್ನೇ ಮೆಲುಕು ಹಾಕದೆ ಮುಂದಿನ ಕೆಲಸ. ನಾಲ್ಕು ಮಂದಿ ನಾಲ್ಕು ಬಗೆಯ ಪದಾರ್ಥಕ್ಕೆ ಒಮ್ಮೆಲೇ ಕೂಗುತ್ತಿದ್ದಾಗಲೂ ತನ್ನ ಮನಸ್ಸು ದೇವಾಲಯದಲ್ಲಿ ಮಂಡಿಯೂರಿದಾಗ ಇರುವಷ್ಟೇ ಶಾಂತವಾಗಿರುತ್ತದೆಂದು ಅವನು ಹೇಳುತ್ತಿದ್ದನಂತೆ. ಮಧ್ಯಾಹ್ನ ಒಂದು ಗಂಟೆಯ ಊಟದ ಗದ್ದಲವನ್ನು ಬಲ್ಲ ನಮಗೆ ಇದನ್ನು ನಂಬಲು ಮೊದಲು ಕಷ್ಟವೇ ಆಯಿತು. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ದೋಣಿಯಲ್ಲಿ ಕಳುಹಿಸಿದಾಗ, ವ್ಯಾಪಾರ ತಿಳಿಯದ ಆ ಕುಂಟನು ಪೀಪಾಯಿಗಳ ಮೇಲೆ ಉರುಳಿಕೊಂಡೇ ದೋಣಿಯಲ್ಲಿ ಅತ್ತಿತ್ತ ಸಾಗಿದನಂತೆ. ಸರಕು ಮಾತ್ರ ಚೆನ್ನಾಗಿಯೇ ಬಂದಿತು.

ಈ ಶಾಂತಿ ಸುಲಭವಾಗಿ ದೊರೆತುದಲ್ಲ. ಮೊದಲ ಹತ್ತು ವರ್ಷ ಅವನು ಒಳಗೊಳಗೇ ಬೆಂದನು. ಅದರಲ್ಲಿ ನಾಲ್ಕು ವರ್ಷ, ತನಗೆ ನರಕವೇ ಗತಿಯೆಂದು ದೃಢವಾಗಿ ನಂಬಿದ್ದನು. ಆಗ ಅವನು ಕಂಡುಕೊಂಡ ದಾರಿ ನಮ್ಮಂಥ ಲೆಕ್ಕಪುಸ್ತಕದವರನ್ನು ಬೆಚ್ಚಿಬೀಳಿಸುವಂಥದು. ಮುಂದೆ ಏನೇ ಆಗಲಿ, ಸ್ವರ್ಗವೋ ನರಕವೋ, ಉಸಿರಿರುವವರೆಗೆ ದೇವರ ಪ್ರೀತಿಗಾಗಿ ಈ ಕೆಲಸ ಮಾಡುತ್ತೇನೆ, ಅಷ್ಟಾದರೂ ಲಾಭವಾಯಿತಲ್ಲ, ಎಂದು ನಿಶ್ಚಯಿಸಿದನು. ನಿತ್ಯಜೀವದ ಲೆಕ್ಕವನ್ನು ಕೈಬಿಟ್ಟ ಮೇಲೆಯೇ ಅವನ ಆತ್ಮಕ್ಕೆ ಬಿಡುಗಡೆಯಾಯಿತು. ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತಿಡುವುದೂ ಅವನಿಗೆ ಆ ಪ್ರೀತಿಯ ಕೆಲಸವೇ ಆಗಿತ್ತು.

ಹಾಗಾದರೆ ಆತ್ಮವನ್ನು ಬೆಳೆಸುವುದು ಮನುಷ್ಯನ ಪ್ರಯತ್ನವೋ, ದೇವರ ಕೃಪೆಯೋ? ಈ ಪ್ರಶ್ನೆಯ ಮೇಲೆ ಕಥೋಲಿಕರೂ ಪ್ರಾಟೆಸ್ಟಂಟರೂ ಶತಮಾನಗಳ ಕಾಲ ವಾದಿಸಿದ್ದಾರೆ. ಆ ವಾದಕ್ಕೆ ನಾವು ತಲೆ ಹಾಕುವುದಿಲ್ಲ. ಲಾರೆನ್ಸನಾದರೋ ತನ್ನಿಂದ ತಪ್ಪಲ್ಲದೆ ಬೇರೇನೂ ಆಗದೆಂದೂ, ಒಳ್ಳೆಯದಾದರೆ ಅದು ದೇವರದೆಂದೂ ಹೇಳುತ್ತಿದ್ದನು. ೧೬೬೬ರಿಂದ ಅವನೊಡನೆ ಮಾತನಾಡಿದ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಆ ಮಾತುಗಳನ್ನು ಬರೆದಿಟ್ಟು, ಅವನು ೧೬೯೧ರಲ್ಲಿ ತೀರಿಕೊಂಡ ಮೇಲೆ ಪ್ರಕಟಿಸಿದರು. ಅವನನ್ನು ಎರಡು ಪಂಗಡದವರೂ ಇಂದಿಗೂ ಓದುತ್ತಾರೆ. ಅವನ ಸಂಘವು ನಮ್ಮ ಕರಾವಳಿಗೂ ದೂರದ್ದಲ್ಲ. ೧೮೭೮ರಲ್ಲಿ ಯೇಸುಸಭೆಯವರು ಬರುವ ಮುನ್ನ ಮಂಗಳೂರಿನ ಕಥೋಲಿಕರ ಹೊಣೆ ಹೊತ್ತಿದ್ದವರು ಕಾರ್ಮೆಲ್ ಸಂಘದ ಗುರುಗಳೇ.

ಸಾವಿನೊಡನೆ ಈ ಬೆಳವಣಿಗೆ ನಿಲ್ಲುವುದೇ ಎಂದು ನಮ್ಮ ಮಿತ್ರರನ್ನು ಕೇಳಿದೆವು. ಅವರು ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿಯವರ ಹೆಸರನ್ನು ಹೇಳಿದರು. ದೇವರು ಮಿತಿಯಿಲ್ಲದವನಾದುದರಿಂದ ಅವನೆಡೆಗೆ ಸಾಗುವ ಆತ್ಮದ ಬೆಳವಣಿಗೆಗೂ ಕೊನೆಯಿಲ್ಲವೆಂಬುದು ಆ ಹಿರಿಯರ ಮತ. ಸ್ವರ್ಗವೆಂದರೆ ಕೆಲಸ ಮುಗಿಸಿ ಕಾಲು ಚಾಚುವ ಸ್ಥಳವೆಂದುಕೊಂಡಿದ್ದ ನಮಗೆ ಇದು ಹೊಸ ಸಂಗತಿ.

ಪುಸ್ತಕವನ್ನು ಓದಿ ಮುಗಿಸಿದ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮ ಹೋಟೆಲಿನ ಹುಡುಗನೊಬ್ಬ ಗ್ಲಾಸುಗಳ ತಟ್ಟೆಯನ್ನು ಕೈಜಾರಿ ಬೀಳಿಸಿದ್ದನು. ಗಿರಾಕಿಗಳ ಮುಂದೆಯೇ ಅವನನ್ನು ಬೈದು, ಸಂಬಳದಲ್ಲಿ ಮುನ್ನೂರು ರೂಪಾಯಿ ಮುರಿದುಕೊಂಡಿದ್ದೆವು. ಅವನು ಒಂದು ಮಾತೂ ಆಡದೆ ಚೂರುಗಳನ್ನು ಒಂದೊಂದಾಗಿ ಆಯ್ದು, ನೆಲ ಒರೆಸಿ, ಮತ್ತೆ ಮೇಜಿಗೆ ನೀರಿಡಲು ಹೋದನು. ಮಾರನೆಯ ದಿನ ಆ ಹಣವನ್ನು ಲಕೋಟೆಗೆ ಹಾಕಿ ಅವನನ್ನು ಕರೆಸಿದಾಗ, ಅವನು ಲೆಕ್ಕ ಮುಗಿಸಿಕೊಂಡು ಊರಿಗೆ ಹೋಗಿ ವಾರವಾಯಿತೆಂದು ಭಟ್ಟರು ಹೇಳಿದರು. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ. ಹೋಟೆಲನ್ನು ಮಾರಿದಾಗ ಮೇಜು, ಕುರ್ಚಿ, ಒಲೆ ಎಲ್ಲವನ್ನೂ ಬಿಟ್ಟುಕೊಟ್ಟೆವು. ಆ ಲಕೋಟೆ ಈಗ ಈ ಮೇಜಿನ ಸೆಳೆಖಾನೆಯಲ್ಲಿದೆ.